ರೇಲ್ವೆಯವರ ಕೈರೇಡಿಯೋ ಮತ್ತು ನಮ್ಮ ಚಕ್ಕಡಿ



ನಮ್ಮ ಸೀಮೆಗೆ ರೇಲ್ವೆ ಹಳಿ ಬರಬೇಕೆಂಬುದು ಹಿರಿಯರ ಕಾಲದ ಆಸೆ. ಹೋಟಗಿ–ಗದಗ ಮಾರ್ಗವನ್ನು 1880ರ ದಶಕದಲ್ಲಿ ಹಾಕಿದಾಗ ಬಾಗಲಕೋಟೆಗೆ ಗಾಡಿ ಬಂದಿತು. ಆದರೆ ಲೋಕಾಪುರ, ಮುಧೋಳ, ಜಮಖಂಡಿಯ ಕಡೆಯ ನಮಗೆ ಗಾಡಿ ಹತ್ತಬೇಕಾದರೆ ಒಂದೋ ಬಾಗಲಕೋಟೆಗೆ, ಇಲ್ಲವೆ ಕುಡಚಿಗೆ ಹೋಗಬೇಕಾಗಿತ್ತು. ಈ ಎರಡೂ ಊರುಗಳನ್ನು ಜೋಡಿಸುವ ಹೊಸ ಮಾರ್ಗದ ಒಟ್ಟು ಉದ್ದ ಸುಮಾರು 142 ಕಿಲೋಮೀಟರು. ಅದರಲ್ಲಿ ಬಾಗಲಕೋಟೆಯಿಂದ ಖಜ್ಜಿಡೋಣಿಯವರೆಗಿನ ಭಾಗ ಮೊದಲು ಮುಗಿಯಿತು. ಅಲ್ಲಿಂದ ಕೆಲಸ ಲೋಕಾಪುರದ ಕಡೆಗೆ ಸಾಗಿತು.

ಹಳಿ ಬಂದರೆ ಊರಿಗೆ ಲಾಭವುಂಟು. ಕಬ್ಬು, ಸಕ್ಕರೆ, ಸುಣ್ಣಗಲ್ಲು, ಸಿಮೆಂಟು, ಗೊಬ್ಬರ, ಕಾಳುಕಡಿ, ಇವೆಲ್ಲ ಸಾಗುವ ಸೀಮೆ ನಮ್ಮದು. ಆದರೆ ಹಳಿ ಬಂದಲ್ಲಿ ಒಂದು ಹೊಸ ಅಡಚಣೆಯೂ ಬರುತ್ತದೆ. ನಿನ್ನೆಯವರೆಗೆ ಒಂದೇ ಆಗಿದ್ದ ಹೊಲ ಇಂದು ಎರಡು ಹೋಳಾಗುತ್ತದೆ. ಮನೆ ಈಚೆಗೆ, ಬಾವಿ ಆಚೆಗೆ. ಕಣ ಈಚೆಗೆ, ಕಬ್ಬು ಆಚೆಗೆ. ಕೆಳಸೇತುವೆಯ ದಾರಿಯಿಂದ ಸುತ್ತಿ ಹೋಗಬೇಕು. ಸುತ್ತು ಬಂದಲ್ಲಿ ಮನಸ್ಸು ಒಳದಾರಿ ಹುಡುಕುತ್ತದೆ. ಈ ಪಾಠವು ಅಂಥ ಒಂದು ಒಳದಾರಿಯನ್ನು ಕುರಿತದ್ದು.

ಕಟ್ಟೆಯ ಮೇಲೆ ಬಂದ ಪ್ರಶ್ನೆ

ಒಂದು ದಿನ ಸಂಜೆ ಪಂಚಾಯತಿಯ ಕಟ್ಟೆಯ ಮೇಲೆ ನಾಲ್ಕು ಜನ ಕುಳಿತಿದ್ದೆವು. ಅಲ್ಲಿಗೆ ಒಬ್ಬ ವಯಸ್ಸಾದ ಒಕ್ಕಲಿಗರು ತಮ್ಮ ಅಣ್ಣನ ಮಗನನ್ನು ಕರೆದುಕೊಂಡು ಬಂದರು. ಹುಡುಗನ ಕೈಯಲ್ಲಿ ಒಂದು ಡಬ್ಬಿ. ಅದರೊಳಗೆ ಪೋಲೀಸರು ಹಿಡಿಯುವಂಥ ಒಂದು ಕೈರೇಡಿಯೋ, ಅಂದರೆ ವಾಕಿ-ಟಾಕಿ. ಮೊಬೈಲಿನಲ್ಲಿ ನೋಡಿ ತರಿಸಿದ್ದನಂತೆ.

“ಗ್ರಾಮಸೇವಕರ, ಇದನ್ನೊಂದಿಷ್ಟು ಹಚ್ಚಿ ಕೊಡ್ರಿ. ರೇಲ್ವೆದವರ ಮಾತು ಇದರಾಗ ಕೇಳಿಸ್ತಾವಂತ ನಮ್ಮ ಹುಡುಗ ಅಂತಾನ. ಗಾಡಿ ಎಲ್ಲಿ ಐತಿ ಅನ್ನೂದು ತಿಳಿದ್ರ, ಆ ಸುತ್ತು ಬಿಟ್ಟು ಚಕ್ಕಡಿ ಸೀದಾ ಹಳಿ ದಾಟಸಬಹುದಲ್ರಿ,” ಎಂದರು.

“ಕಾಕಾ, ಅಮೇರಿಕಾದಾಗ ಮಂದಿ ಹಿಂಗ ಕೇಳ್ತಾರ. ನಾ ವಿಡಿಯೋದಾಗ ನೋಡೇನಿ,” ಎಂದು ಹುಡುಗ ಸೇರಿಸಿದ.

ಹುಡುಗ ನೋಡಿದ್ದು ಸುಳ್ಳಲ್ಲ. ಅಮೇರಿಕಾ ದೇಶದಲ್ಲಿ ರೇಲ್ವೆಯ ಮಾತುಗಳನ್ನು ಕೇಳುವುದನ್ನೇ ಹವ್ಯಾಸ ಮಾಡಿಕೊಂಡವರು ಬಹಳ ಜನರಿದ್ದಾರೆ. ಅಲ್ಲಿಯ ಕಾಯದೆ ಬೇರೆ, ನಮ್ಮ ಕಾಯದೆ ಬೇರೆ. ಆದರೆ ಕಾಯದೆಯ ಮಾತು ಹಾಗಿರಲಿ. ಆ ಕೈರೇಡಿಯೋದಿಂದ ಚಕ್ಕಡಿಗೆ ನಿಜವಾಗಿ ಉಪಯೋಗವಾದೀತೇ ಎಂಬುದನ್ನು ಮೊದಲು ವಿಚಾರ ಮಾಡೋಣ ಎಂದು ಹೇಳಿ, ಡಬ್ಬಿಯನ್ನು ಮುಚ್ಚಿಸಿ ಪಕ್ಕಕ್ಕಿಡಿಸಿದೆ. ಅಂದು ಅಲ್ಲಿ ಮಾತಾಡಿದ್ದನ್ನೂ ಮರುದಿನ ಕಣದಲ್ಲಿ ಮಾಡಿ ನೋಡಿದ್ದನ್ನೂ ಎಲ್ಲರಿಗೂ ಅನುಕೂಲವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ. ಓದು ಬಲ್ಲವರು ಇದನ್ನು ಮನೆಯ ಹಿರಿಯರಿಗೂ ದನ ಕಾಯುವ ಹುಡುಗರಿಗೂ ಓದಿ ಹೇಳಬೇಕು.

ಎರಡು ಬಗೆಯ ರೇಡಿಯೋ

ರೇಡಿಯೋ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಧಾರವಾಡದಲ್ಲಿ ಆಕಾಶವಾಣಿ ನಿಲಯವು 1950ರಲ್ಲಿ ಆರಂಭವಾಯಿತು. 1956ರಲ್ಲಿ ಪುಣೆಯ ಆಕಾಶವಾಣಿಯು ಆಗಿನ ಮುಂಬಯಿ ರಾಜ್ಯದ 150 ಹಳ್ಳಿಗಳಲ್ಲಿ ರೇಡಿಯೋ ರೈತಕೂಟಗಳ ಪ್ರಯೋಗ ನಡೆಸಿತು. ನಮ್ಮ ವಿಜಾಪುರ ಜಿಲ್ಲೆಯೂ ಆಗ ಅದೇ ರಾಜ್ಯದಲ್ಲಿತ್ತು. ಊರವರು ಒಂದೆಡೆ ಕುಳಿತು ಕೇಳಬೇಕು, ಕೇಳಿದ್ದನ್ನು ಚರ್ಚಿಸಬೇಕು, ಒಪ್ಪಿದ್ದನ್ನು ಹೊಲದಲ್ಲಿ ಮಾಡಬೇಕು ಎಂಬುದು ಆ ಕೂಟಗಳ ನಿಯಮ. ಆ ರೇಡಿಯೋ ನಮ್ಮೊಡನೆ ಮಾತಾಡುವ ರೇಡಿಯೋ. ನಾವು ಕೇಳಲೆಂದೇ ಅವರು ಮಾತಾಡುತ್ತಾರೆ. ತಿಳಿಯದಿದ್ದರೆ ಬಿಡಿಸಿ ಹೇಳುತ್ತಾರೆ.

ಕೈರೇಡಿಯೋದ ಮಾತು ಹಾಗಲ್ಲ. ಅದು ಇಬ್ಬರು ನೌಕರರು ತಮ್ಮ ತಮ್ಮೊಳಗೆ ಆಡುವ ಮಾತು. ಮೂರನೆಯವನು ಕೇಳುತ್ತಿದ್ದಾನೆಂದು ತಿಳಿದು ಅವರು ಮಾತಾಡುವುದಿಲ್ಲ. ಅವನಿಗೆ ತಿಳಿಸುವ ಹೊಣೆಯೂ ಅವರದಲ್ಲ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನ ಮಾತೆಲ್ಲ ಸುಲಭವಾಗಿ ತಿಳಿಯುತ್ತದೆ.

ಇನ್ನು ಎರಡೂ ಯಂತ್ರಗಳ ಕೆಲಸ. ರೇಡಿಯೋದ ಅಲೆಗಳು ಕೆರೆಯಲ್ಲಿ ಕಲ್ಲು ಹಾಕಿದಾಗ ಏಳುವ ತೆರೆಗಳಂತೆ ಎಂದುಕೊಳ್ಳಿ. ಒಂದು ತೆರೆಯಿಂದ ಇನ್ನೊಂದು ತೆರೆಗೆ ಇರುವ ಅಂತರವೇ ಅಲೆಯ ಉದ್ದ. ಧಾರವಾಡದ ಮಧ್ಯಮ ತರಂಗ 765 ಕಿಲೋಹರ್ಟ್ಸ್ ಎಂಬುದು ಹಿರಿಯರಿಗೆ ಬಾಯಿಪಾಠ. ಆ ಅಲೆಯ ಉದ್ದ ಸುಮಾರು 392 ಮೀಟರು. ಅಂಥ ಉದ್ದನೆಯ ಅಲೆ ನೆಲವನ್ನು ಹಿಡಿದು ಬಹುದೂರ ಹೋಗುತ್ತದೆ. ಗಿಡ, ಗುಡ್ಡ, ಮನೆಗಳನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ರೇಲ್ವೆಯವರ ಕೈರೇಡಿಯೋದ ಅಲೆಯಾದರೋ ಸುಮಾರು ಎರಡು ಮೀಟರು ಉದ್ದದ್ದು. ಇದನ್ನು ವಿ.ಎಚ್.ಎಫ್. ಎನ್ನುತ್ತಾರೆ. ಇದು ಹೆಚ್ಚು ಕಡಿಮೆ ಕಣ್ಣಿನ ನೋಟದಂತೆ ನೇರವಾಗಿ ಸಾಗುತ್ತದೆ. ಎದುರಿಗೆ ದಿಬ್ಬ ಬಂದರೆ ಅಲ್ಲಿಗೆ ಕುಂದುತ್ತದೆ. ಮನೆಯಲ್ಲಿರುವ ಸಾದಾ ಟ್ರಾನ್ಸಿಸ್ಟರಿನ ಎಫ್.ಎಂ. ಪಟ್ಟಿ 108 ಮೆಗಾಹರ್ಟ್ಸಿಗೆ ಮುಗಿಯುತ್ತದೆ. ರೇಲ್ವೆಯವರ ಮಾತು ಅದಕ್ಕೂ ಮೇಲಿನ ಪಟ್ಟಿಯಲ್ಲಿ ನಡೆಯುವುದರಿಂದ ಟ್ರಾನ್ಸಿಸ್ಟರಿನ ಮುಳ್ಳನ್ನು ಎಷ್ಟು ತಿರುವಿದರೂ ಅದು ಕೇಳುವುದಿಲ್ಲ.

ರೇಲ್ವೆಯವರು ಅದರಲ್ಲಿ ಏನು ಮಾತಾಡುತ್ತಾರೆ?

ಗಾಡಿಯ ಮುಂದೆ ಎಂಜಿನ್ನಿನಲ್ಲಿ ಲೋಕೋ ಪೈಲಟ್ ಇರುತ್ತಾನೆ. ಹಿಂದೆ ಗಾರ್ಡ್ ಇರುತ್ತಾನೆ. 2022ರಿಂದ ಗಾರ್ಡನ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎಂದು ಹೆಸರಾಗಿದೆ. ಇವರಿಬ್ಬರ ನಡುವೆ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದದ ಗಾಡಿ ಇರಬಹುದು. ಕೂಗಿದರೆ ಕೇಳುವುದಿಲ್ಲ. ನಿಲ್ದಾಣದಲ್ಲಿ ಸ್ಟೇಶನ್ ಮಾಸ್ತರ ಇರುತ್ತಾನೆ. ಈ ಮೂವರು ತಮ್ಮೊಳಗೆ ಮಾತಾಡಲು ಕೈರೇಡಿಯೋ ಇಟ್ಟುಕೊಂಡಿರುತ್ತಾರೆ.

ಅವರ ಮಾತುಗಳು ಚಿಕ್ಕವು. ಗಾಡಿ ಹೊರಡಲು ಸಿದ್ಧವಾಗಿದೆಯೇ ಎಂದು ಕೇಳುವುದು, ನಿಲ್ದಾಣ ದಾಟುವಾಗ ಎಲ್ಲ ಸರಿಯಾಗಿದೆ ಎಂದು ತಿಳಿಸುವುದು, ಯಾವುದೋ ಡಬ್ಬಿಯ ಗಾಲಿ ಕಾದು ಹೊಗೆ ಬರುತ್ತಿದ್ದರೆ ಎಚ್ಚರಿಸುವುದು, ಬ್ರೇಕು ಕಚ್ಚಿ ಹಿಡಿದಿದ್ದರೆ ಹೇಳುವುದು, ಇವೇ ಮೊದಲಾದುವು. ಮಾತಿನಲ್ಲಿ ಗಾಡಿಯ ನಂಬರು, ನಿಲ್ದಾಣದ ಸಂಕೇತ, ಲೈನಿನ ನಂಬರು ಬರುತ್ತವೆ. “ಈಗ ಗಾಡಿ ಇಂಥವರ ಹೊಲದ ಬದುವಿಗೆ ಬಂದಿದೆ” ಎಂದು ಯಾರೂ ಹೇಳುವುದಿಲ್ಲ. ಹಾಗೆ ಹೇಳುವ ಕಾರಣ ಅವರಿಗಿಲ್ಲ. ಎಷ್ಟೋ ಗಾಡಿಗಳು ಒಂದು ಮಾತೂ ಇಲ್ಲದೆ ನಮ್ಮ ಹೊಲವನ್ನು ದಾಟಿ ಹೋಗುತ್ತವೆ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದುಂಟು. ರೇಲ್ವೆಯವರೇ ಕೈರೇಡಿಯೋದ ಮಾತನ್ನಷ್ಟೇ ನಂಬಿ ಗಾಡಿ ಬಿಡುವುದಿಲ್ಲ. ಎರಡು ನಿಲ್ದಾಣಗಳ ನಡುವಿನ ದಾರಿಯನ್ನು ತುಂಡುಗಳಾಗಿ ಭಾಗಿಸಿರುತ್ತಾರೆ. ಒಂದು ತುಂಡಿನಲ್ಲಿ ಒಂದು ಸಮಯಕ್ಕೆ ಒಂದೇ ಗಾಡಿ ಇರಬೇಕೆಂಬುದು ಮೂಲ ನಿಯಮ. ಅದನ್ನು ಕಾಯಲು ಯಂತ್ರವಿದೆ. ಹೋಗು, ನಿಲ್ಲು ಎನ್ನಲು ಸಿಗ್ನಲ್ ಇದೆ. ಗೇಟಿನವನು ಫೋನಿನಲ್ಲಿ ಗೇಟು ಮುಚ್ಚಿದೆನೆಂದು ಹೇಳಿದರೆ ಸಾಲದು. ಅದಕ್ಕೆ ಸಾಕ್ಷಿಯಾಗಿ ಗುಪ್ತ ನಂಬರನ್ನು ಕೊಡಬೇಕಾಗುತ್ತದೆ. ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಏಕೆಂದರೆ ಬಾಯಿಮಾತು ತಪ್ಪಾಗಿ ಕೇಳಬಹುದು, ಅರ್ಧಕ್ಕೆ ಕಡಿಯಬಹುದು, ಒಬ್ಬನಿಗೆ ಹೇಳಿದ್ದನ್ನು ಇನ್ನೊಬ್ಬ ತನಗೇ ಎಂದು ತಿಳಿಯಬಹುದು. ವರ್ಷಗಟ್ಟಲೆ ಆ ಕೆಲಸದಲ್ಲಿರುವವರೇ ಆ ಮಾತಿನ ಮೇಲೆ ಪೂರ್ಣ ಭಾರ ಹಾಕುವುದಿಲ್ಲವೆಂದ ಮೇಲೆ, ಬದುವಿನ ಮೇಲೆ ನಿಂತ ನಾವು ಅದರ ಮೇಲೆ ಎತ್ತಿನ ಜೀವವನ್ನೂ ನಮ್ಮ ಜೀವವನ್ನೂ ಇಡಬಹುದೇ?

ನಮಗೆ ಅರ್ಧ ಮಾತೇ ಏಕೆ ಕೇಳುತ್ತದೆ?

ಕೈರೇಡಿಯೋದ ಅಲೆ ನೇರ ನೋಟದಂತೆ ಸಾಗುತ್ತದೆ ಎಂದು ಮೇಲೆ ಹೇಳಿದೆ. ನೆಲದ ಮೇಲೆ ನಿಂತ ಮನುಷ್ಯನಿಗೆ ಬಯಲಿನಲ್ಲಿಯೂ ನಾಲ್ಕೈದು ಕಿಲೋಮೀಟರಿನಾಚೆಗೆ ಭೂಮಿಯ ಉಬ್ಬೇ ಅಡ್ಡ ಬರುತ್ತದೆ. ನಿಲ್ದಾಣದ ಯಂತ್ರಕ್ಕೆ ಎತ್ತರದ ಕಂಬದ ಮೇಲೆ ಏರಿಯಲ್ ಇರುತ್ತದೆ. ಆದುದರಿಂದ ಸ್ಟೇಶನ್ ಮಾಸ್ತರನ ಮಾತು ದೂರದವರೆಗೆ ಕೇಳುತ್ತದೆ. ಗಾಡಿಯಲ್ಲಿರುವವನ ಕೈಯಲ್ಲಿ ಇರುವುದಾದರೋ ಚಿಕ್ಕ ಯಂತ್ರ. ಅವನು ದಿಬ್ಬವನ್ನು ಕಡಿದು ಮಾಡಿದ ತಗ್ಗಿನಲ್ಲಿ ಬರುತ್ತಿದ್ದರೆ ಅವನ ಮಾತು ನಮ್ಮನ್ನು ಮುಟ್ಟುವುದೇ ಇಲ್ಲ.

ಹೀಗಾಗಿ ಪ್ರಶ್ನೆ ಕೇಳುತ್ತದೆ, ಉತ್ತರ ಕೇಳುವುದಿಲ್ಲ. ಯಂತ್ರ ಸುಮ್ಮನಿದ್ದರೆ ಗಾಡಿ ಇಲ್ಲವೆಂದು ಅರ್ಥವಲ್ಲ. ಬ್ಯಾಟರಿ ಇಳಿದಿರಬಹುದು, ಪಟ್ಟಿ ಬದಲಾಗಿರಬಹುದು, ಮಾತಾಡುವವರು ಗುಡ್ಡದ ಮರೆಯಲ್ಲಿರಬಹುದು. ಮೌನವನ್ನು “ದಾರಿ ಖುಲ್ಲಾ ಇದೆ” ಎಂದು ತಿಳಿಯುವುದೇ ಇಲ್ಲಿಯ ದೊಡ್ಡ ಮೋಸ. ಕಿವಿಗೊಟ್ಟು ಕುಳಿತವನ ಕಣ್ಣು ಯಂತ್ರದ ಮೇಲಿರುತ್ತದೆ, ಹಳಿಯ ಮೇಲೆ ಇರುವುದಿಲ್ಲ. ಹಳಿಯ ಸಪ್ಪಳವೂ ಅವನಿಗೆ ಕೇಳುವುದಿಲ್ಲ.

ಕಣದಲ್ಲಿ ಮಾಡಿ ನೋಡಿದ ಲೆಕ್ಕ

“ಮಾತು ಬ್ಯಾಡ್ರಿ, ಗಾಡಿ ಕಣ್ಣಿಗೆ ಕಂಡ ಮ್ಯಾಲೂ ಚಕ್ಕಡಿ ದಾಟಸಾಕ ವ್ಯಾಳ್ಯಾ ಇರ್ತೈತಿ. ನಮ್ಮ ಎತ್ತು ಚಲೋ ಅದಾವು,” ಎಂದು ಆ ಯಜಮಾನರು ಹೇಳಿದರು. ಸರಿ, ಅಳೆದೇ ನೋಡೋಣ ಎಂದೆ.

ಮರುದಿನ ಅವರ ಕಣದಲ್ಲಿಯೇ ಮಾಡಿ ನೋಡಿದೆವು. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1.676 ಮೀಟರು. ಎಂಜಿನ್ನೂ ಡಬ್ಬಿಯೂ ಹಳಿಯಿಂದ ಹೊರಗೆ ಚಾಚಿಕೊಂಡಿರುವುದರಿಂದ ಹಳಿಗಿಂತ ಮೂರು ಮೀಟರು ಈಚೆಗೆ ನಿಂತು ಹೊರಡಬೇಕು, ಮೂರು ಮೀಟರು ಆಚೆಗೆ ಪೂರ್ಣ ದಾಟಿರಬೇಕು. ಎತ್ತಿನ ಮೂತಿಯಿಂದ ಚಕ್ಕಡಿಯ ಹಿಂಬದಿಯವರೆಗೆ ಸುಮಾರು ಏಳು ಮೀಟರು. ಎಲ್ಲ ಕೂಡಿಸಿದರೆ ಎತ್ತುಗಳು ನಿಂತಲ್ಲಿಂದ ಸುಮಾರು ಹದಿನೈದು ಮೀಟರು ನಡೆಯಬೇಕಾಯಿತು. ಅಷ್ಟು ಅಳತೆಗೆ ಗುರುತು ಹಾಕಿ, ಹಳಿಯ ಬದಲು ಎರಡು ಬಿದಿರ ಗಳಗಳನ್ನು ಅಡ್ಡ ಇಟ್ಟು, ಹೇರಿದ ಚಕ್ಕಡಿಯನ್ನು ಹೊಡೆಯಿಸಿದೆವು. ಹುಡುಗ ಮೊಬೈಲಿನಲ್ಲಿ ವೇಳೆ ಹಿಡಿದ.

ಮೊದಲನೆಯ ಸಲ ಎತ್ತುಗಳು ಬಿದಿರನ್ನು ಕಂಡು ನಿಂತುಬಿಟ್ಟವು. ಎರಡನೆಯ ಸಲ ದಾಟಲು ಇಪ್ಪತ್ತು ಸೆಕೆಂಡು ಹಿಡಿಯಿತು.

ಈಗ ಗಾಡಿಯ ಲೆಕ್ಕ ನೋಡಿರಿ. ತಾಸಿಗೆ 100 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರು ಸಾಗುತ್ತದೆ. ಇಪ್ಪತ್ತು ಸೆಕೆಂಡಿಗೆ 560 ಮೀಟರು. ತಾಸಿಗೆ 60 ಕಿಲೋಮೀಟರಿನಂತೆ ಬಂದರೂ ಅಷ್ಟರಲ್ಲಿ 330 ಮೀಟರಿಗೂ ಹೆಚ್ಚು ಬಂದಿರುತ್ತದೆ. ಹಳಿ ತಿರುವಿನಲ್ಲಿದ್ದರೆ, ಕಬ್ಬು ಎದ್ದು ನಿಂತಿದ್ದರೆ ಅಷ್ಟು ದೂರದ ಗಾಡಿ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಡ್ರೈವರನು ನಮ್ಮನ್ನು ಕಂಡನೆನ್ನಿ. ಅವನು ಬ್ರೇಕು ಹಾಕಿದರೂ ವೇಗದ ಗಾಡಿ ನಿಲ್ಲಲು ಒಂದು ಕಿಲೋಮೀಟರಿನಷ್ಟು ದಾರಿ ಹಿಡಿಯಬಹುದು. ಚಕ್ಕಡಿಯಂತೆ ಹಗ್ಗ ಜಗ್ಗಿದಲ್ಲಿ ಅದು ನಿಲ್ಲುವುದಿಲ್ಲ. ಪಕ್ಕಕ್ಕೆ ತಿರುಗಿಸಲೂ ಬರುವುದಿಲ್ಲ.

ಇದು ಗಾಲಿ ಸಿಕ್ಕದೆ ನೆಟ್ಟಗೆ ದಾಟಿದ ಚಕ್ಕಡಿಯ ಲೆಕ್ಕ. ನಿಜವಾದ ಹಳಿಯ ಪಕ್ಕದಲ್ಲಿ ಜಲ್ಲಿಕಲ್ಲಿನ ಏರಿ ಇರುತ್ತದೆ. ಎತ್ತಿನ ಗೊರಸು ಜಾರುತ್ತದೆ. ಗಾಲಿ ಹಳಿಗಳ ನಡುವೆ ಇಳಿದರೆ ಮೇಲೇಳುವುದಿಲ್ಲ. ಹಳಿ ಚಕ್ಕಡಿಗೆ ಮಾಡಿದ ದಾರಿಯಲ್ಲ.

ಲೆಕ್ಕ ಮುಗಿದ ಮೇಲೆ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಮ್ಮಾ, ಆ ಡಬ್ಬಿ ತಿರುಗಿ ಕಳಿಸಿಬಿಡು,” ಎಂದು ಹುಡುಗನಿಗೆ ಹೇಳಿದರು.

ಕಾಯದೆಯ ಮಾತು

ಮನೆಯಲ್ಲಿ ಆಕಾಶವಾಣಿ ಕೇಳಲು ಹಿಂದೆ ಪರವಾನಿಗೆ ಬೇಕಾಗಿತ್ತು. ಅದಕ್ಕಾಗಿ ಅಂಚೆ ಕಚೇರಿಯಲ್ಲಿ ಹಣ ಕಟ್ಟಿದ್ದು ಹಿರಿಯರಿಗೆ ನೆನಪಿರಬಹುದು. ಆ ಪದ್ಧತಿ 1980ರ ದಶಕದಲ್ಲಿ ಹೋಯಿತು. ಆದುದರಿಂದ ಎಲ್ಲ ರೇಡಿಯೋಗಳೂ ಈಗ ಬಿಡುವಾಗಿವೆ ಎಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು.

ಮಾತಾಡುವ ರೇಡಿಯೋವನ್ನು ಪರವಾನಿಗೆ ಇಲ್ಲದೆ ಇಟ್ಟುಕೊಳ್ಳಬಾರದೆಂಬ ನಿಯಮ 1933ರ ವಾಯರ್‌ಲೆಸ್ ಕಾಯದೆಯಿಂದ ಬಂದುದು. ಈಗ 2023ರ ದೂರಸಂಪರ್ಕ ಕಾಯದೆ ಬಂದಿದೆ. ಅದರ 42ನೆಯ ಕಲಮು 2024ರ ಜೂನ್ 26ರಿಂದ ಜಾರಿಗೆ ಬಂದಿದೆ. ಬೇರೆಯವರ ಸಂದೇಶವನ್ನು ಕಾಯದೆಬಾಹಿರವಾಗಿ ನಡುವೆ ಹಿಡಿದು ಕೇಳಿದವರಿಗೆ ಮೂರು ವರ್ಷಗಳವರೆಗೆ ಶಿಕ್ಷೆ, ಎರಡು ಕೋಟಿ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದೆಂದು ಅದರಲ್ಲಿದೆ. ಅಂಗಡಿಯಲ್ಲಿ ಅಥವಾ ಮೊಬೈಲಿನಲ್ಲಿ ಮಾರುತ್ತಾರೆಂದ ಮಾತ್ರಕ್ಕೆ ವಸ್ತು ಕಾಯದೆಗೆ ಸರಿಯಾದುದೆಂದಲ್ಲ. ಹೀಗೆ ಮಾರಾಟವಾಗುವ ವಾಕಿ-ಟಾಕಿಗಳ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು.

ಇನ್ನೊಂದು ಅಪಾಯ. ಇಂಥ ಯಂತ್ರದಲ್ಲಿ ಕೇಳುವ ಗುಂಡಿಯ ಪಕ್ಕದಲ್ಲಿಯೇ ಮಾತಾಡುವ ಗುಂಡಿಯೂ ಇರುತ್ತದೆ. ಒಂದು ಪಟ್ಟಿಯಲ್ಲಿ ಒಂದು ಸಲಕ್ಕೆ ಒಬ್ಬನೇ ಮಾತಾಡಲು ಸಾಧ್ಯ. ಕಿಸೆಯಲ್ಲಿದ್ದ ಯಂತ್ರದ ಆ ಗುಂಡಿ ತಿಳಿಯದೆ ಒತ್ತಿಹೋದರೆ, ಅದೇ ಗಳಿಗೆಯಲ್ಲಿ ಗಾರ್ಡನು ಡ್ರೈವರನಿಗೆ “ಗಾಡಿ ನಿಲ್ಲಿಸು” ಎಂದು ಕೂಗಿದ ಮಾತು ಮುಚ್ಚಿಹೋಗಬಹುದು. ಆ ಗಾಡಿಯಲ್ಲಿ ನಮ್ಮ ಊರವರೇ ಕುಳಿತಿರಬಹುದು.

ಏರಿಯಲ್ ಎತ್ತರಿಸಿದರೆ ಚೆನ್ನಾಗಿ ಕೇಳುತ್ತದೆಂದು ಕೆಲವು ಹುಡುಗರು ಕಬ್ಬಿಣದ ಪೈಪನ್ನೋ ಹಸಿ ಬಿದಿರನ್ನೋ ಎತ್ತಿ ನಿಲ್ಲಿಸುತ್ತಾರೆ. ಹೊಲದ ಮೇಲೆ ಹಾಯ್ದ ವಿದ್ಯುತ್ ತಂತಿಯಲ್ಲಿ 11,000 ವೋಲ್ಟು ಇರಬಹುದು. ವಿದ್ಯುತ್ ಎಂಜಿನ್ನು ಓಡುವ ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟು ಇರುತ್ತದೆ. ಆ ತಂತಿಯನ್ನು ಮುಟ್ಟಬೇಕೆಂದೇ ಇಲ್ಲ, ಸಮೀಪಕ್ಕೆ ಹೋದರೂ ಪ್ರಾಣ ಹೋಗುತ್ತದೆ. ಉದ್ದನೆಯ ಗಳ, ಪೈಪು, ಸ್ಪ್ರಿಂಕ್ಲರಿನ ಕೊಳವೆಗಳನ್ನು ಅಲ್ಲಿ ನೆಟ್ಟಗೆ ಹಿಡಿಯದೆ ಅಡ್ಡ ಹಿಡಿದೇ ಒಯ್ಯಬೇಕು.

ಸರಿಯಾದ ದಾರಿ ಯಾವುದು?

ಗಾಡಿಯ ಸುದ್ದಿ ನಮಗೆ ಬೇಕಾಗುವುದು ಎರಡು ಕಾರಣಕ್ಕೆ. ಒಂದು, ಪ್ರಯಾಣಕ್ಕೆ. ಅದಕ್ಕೆ 139 ನಂಬರಿಗೆ ಫೋನು ಮಾಡಿದರೆ ಗಾಡಿಯ ವೇಳೆ, ತಡ, ಎಲ್ಲವನ್ನೂ ಹೇಳುತ್ತಾರೆ. ಮೊಬೈಲು ಇದ್ದವರು ರೇಲ್ವೆಯವರದೇ ಆದ ಎನ್.ಟಿ.ಇ.ಎಸ್. ಆ್ಯಪಿನಲ್ಲಿ ನೋಡಬಹುದು. ಆದರೆ ಅದರಲ್ಲಿ ಕಾಣುವುದು ಪ್ರಯಾಣಿಕರ ಗಾಡಿಗಳು ಮಾತ್ರ. ಸರಕಿನ ಗಾಡಿ, ಜಲ್ಲಿಯ ಗಾಡಿ, ಬಿಡಿ ಎಂಜಿನ್ನು, ಹಳಿ ನೋಡುವವರ ಯಂತ್ರಬಂಡಿ ಇವು ಯಾವ ವೇಳಾಪತ್ರಿಕೆಯಲ್ಲಿಯೂ ಇರುವುದಿಲ್ಲ. ಯಾವ ಹೊತ್ತಿಗಾದರೂ ಬರುತ್ತವೆ. ಹೊಸ ಮಾರ್ಗದಲ್ಲಿ ಇಂಥವೇ ಮೊದಲು ಓಡಾಡುತ್ತವೆ. ಆದುದರಿಂದ ಹಳಿ ದಾಟಲು ಆ್ಯಪನ್ನೂ ನೆಚ್ಚಬಾರದು.

ಎರಡನೆಯ ಕಾರಣ, ಹಳಿ ದಾಟುವುದು. ಅದಕ್ಕೆ ಗೇಟು, ಕೆಳಸೇತುವೆ, ಮೇಲ್ಸೇತುವೆ ಇವು ಮೂರೇ ದಾರಿ. ಕಾವಲುಗಾರನಿಲ್ಲದ ಗೇಟುಗಳನ್ನು ನಮ್ಮ ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲೆಲ್ಲ 2019ರ ಜನವರಿಯ ಹೊತ್ತಿಗೆ ತೆಗೆದುಹಾಕಿದ್ದಾರೆ. ಬೇರೆಲ್ಲಿಯೇ ಹಳಿಯ ಮೇಲೆ ಹೋಗುವುದು 1989ರ ರೇಲ್ವೆ ಕಾಯದೆಯ 147ನೆಯ ಕಲಮಿನ ಮೇರೆಗೆ ಅಪರಾಧ.

“ಸುತ್ತು ಬಹಳ ಆಗತೈತಿ, ಮಳಿಗಾಲದಾಗ ಕೆಳಸೇತುವಿಯೊಳಗ ನೀರು ನಿಂದರತಾವು” ಎಂದು ಹೇಳುವವರ ಮಾತಿನಲ್ಲಿ ಸತ್ಯವುಂಟು. ಸುತ್ತಿಗೆ ಹೋಗುವ ವೇಳೆ ರೈತನ ವೇಳೆಯೇ. ಎಲ್ಲಿಯಾದರೂ ಹಾಗೆ ನೀರು ನಿಂತರೆ, ಹೊಲಕ್ಕೆ ಹೋಗುವ ದಾರಿ ಕಡಿದುಹೋಗಿದ್ದರೆ ಅದಕ್ಕೆ ಉಪಾಯ ಕೈರೇಡಿಯೋ ಅಲ್ಲ, ಅರ್ಜಿ. ಸ್ಥಳ, ಸಮೀಪದ ಕಿಲೋಮೀಟರು ಕಲ್ಲಿನ ನಂಬರು, ಎಷ್ಟು ಮನೆಯವರಿಗೆ ಎಷ್ಟು ಎಕರೆಗೆ ತೊಂದರೆ, ನೀರು ನಿಂತ ದಿನಗಳು, ಒಂದು ಫೋಟೋ ಇಷ್ಟನ್ನು ಸೇರಿಸಿ ಗ್ರಾಮ ಪಂಚಾಯತಿಯ ಠರಾವಿನೊಂದಿಗೆ ಹುಬ್ಬಳ್ಳಿಯಲ್ಲಿರುವ ನೈಋತ್ಯ ರೇಲ್ವೆಯ ವಿಭಾಗೀಯ ವ್ಯವಸ್ಥಾಪಕರ ಕಚೇರಿಗೆ ಕಳಿಸಬೇಕು. ಪ್ರತಿಯನ್ನು ತಹಶೀಲದಾರರಿಗೆ ಕೊಟ್ಟು ಪೋಚು ಪಡೆಯಬೇಕು. ಒಬ್ಬೊಬ್ಬರೇ ಬರೆದ ಹತ್ತು ಅರ್ಜಿಗಳಿಗಿಂತ ಹತ್ತು ಜನ ಕೂಡಿ ಬರೆದ ಒಂದು ಅರ್ಜಿಗೆ ತೂಕ ಹೆಚ್ಚು. ನಮ್ಮ ಕಟ್ಟೆಯ ಮೇಲೆ ಆ ಯಜಮಾನರೇ ಮುಂದಾಗಿ ಹನ್ನೊಂದು ಮನೆಯವರ ಸಹಿ ಕೂಡಿಸಿದ್ದಾರೆ.

ಹಳಿಯ ಮೇಲೆ ಅಪಾಯ ಕಂಡರೆ

ರೇಲ್ವೆಯವರ ಮಾತನ್ನು ನಾವು ಕೇಳುವುದಕ್ಕಿಂತ ನಮ್ಮ ಮಾತನ್ನು ಅವರಿಗೆ ಮುಟ್ಟಿಸುವುದು ಕೆಲವೊಮ್ಮೆ ಹೆಚ್ಚು ಅವಶ್ಯ. ಹಳಿ ಮುರಿದಿದೆ, ಮಳೆಗೆ ಏರಿ ಕೊಚ್ಚಿದೆ, ಗಿಡ ಬಿದ್ದಿದೆ, ದನ ಸಿಕ್ಕಿಕೊಂಡಿದೆ ಎಂದು ಕಂಡರೆ ಕೂಡಲೆ ಹೀಗೆ ಮಾಡಿರಿ:

1. ಹತ್ತಿರದ ಗೇಟಿನವನಿಗೆ ಅಥವಾ ಸ್ಟೇಶನ್ ಮಾಸ್ತರನಿಗೆ ತಿಳಿಸಿರಿ. ಅದು ದೂರವಿದ್ದರೆ 139ಕ್ಕೆ ಫೋನು ಮಾಡಿರಿ. ಕಿಲೋಮೀಟರು ಕಲ್ಲಿನ ಮೇಲಿನ ಅಂಕಿಯನ್ನು ಹೇಳಿದರೆ ಅವರಿಗೆ ಸ್ಥಳ ತಕ್ಷಣ ಗೊತ್ತಾಗುತ್ತದೆ.

2. ಗಾಡಿ ಬರುತ್ತಿದ್ದರೆ ಅದರ ಎದುರು ದಿಕ್ಕಿಗೆ, ಹಳಿಯ ಹೊರಗಿನಿಂದ, ಆದಷ್ಟು ಮುಂದೆ ಓಡಿರಿ. ಹಗಲಿನಲ್ಲಿ ಕೆಂಪು ಬಟ್ಟೆ ತೋರಿಸಬೇಕು. ಇಲ್ಲದಿದ್ದರೆ ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ಹಿಡಿಯಬೇಕು. ರಾತ್ರಿಯಲ್ಲಿ ಬ್ಯಾಟರಿಯ ಬೆಳಕನ್ನು ಎಡಕ್ಕೂ ಬಲಕ್ಕೂ ಜೋರಾಗಿ ಬೀಸಬೇಕು. ಇವು ರೇಲ್ವೆಯವರ ನಿಯಮದಲ್ಲಿಯೇ “ನಿಲ್ಲು” ಎಂಬುದರ ಗುರುತುಗಳು. ಡ್ರೈವರನಿಗೆ ಇವುಗಳ ಅರ್ಥ ಗೊತ್ತಿರುತ್ತದೆ.

3. ದನವನ್ನು ಬಿಡಿಸಲು ಹಳಿಯ ಮೇಲೆ ನಿಲ್ಲಬೇಡಿರಿ. ದನದ ನಷ್ಟ ತುಂಬಿಕೊಳ್ಳಬಹುದು.

ಹೊಲದಲ್ಲಿ ಬಳಸಬಹುದಾದ ಕೈರೇಡಿಯೋ

ಹಾಗಾದರೆ ಕೈರೇಡಿಯೋ ನಮಗೆ ಬೇಡವೇ ಬೇಡವೇ? ಹಾಗೇನಿಲ್ಲ. ಬಾವಿಯ ಮೋಟಾರಿನ ಹತ್ತಿರ ಇರುವವನು ನೀರು ಹಾಯಿಸುವವನೊಡನೆ, ಕಬ್ಬು ಕಡಿಸುವವನು ಟ್ರ್ಯಾಕ್ಟರಿನವನೊಡನೆ ಮಾತಾಡಲು ಪರವಾನಿಗೆ ಬೇಡದ ಒಂದು ಬಗೆಯುಂಟು. 446.0ರಿಂದ 446.2 ಮೆಗಾಹರ್ಟ್ಸ್ ವರೆಗಿನ ಪಟ್ಟಿಯನ್ನು ಭಾರತ ಸರಕಾರ 2018ರಲ್ಲಿ ಚಿಕ್ಕ ಶಕ್ತಿಯ ಕೈರೇಡಿಯೋಗಳಿಗಾಗಿ ಬಿಟ್ಟುಕೊಟ್ಟಿದೆ. ಅದರ ಶಕ್ತಿ ಅರ್ಧ ವಾಟಿಗಿಂತ ಹೆಚ್ಚಿರಬಾರದು. ಕೊಳ್ಳುವಾಗ ಪಟ್ಟಿ ಇದೇ ಎಂಬುದನ್ನೂ ಇ.ಟಿ.ಎ. ಎಂಬ ಸರಕಾರದ ಮಾನ್ಯತೆಯ ಪತ್ರ ಇದೆಯೆಂಬುದನ್ನೂ ಕೇಳಿ ನೋಡಿಕೊಳ್ಳಬೇಕು. ಬಿಲ್ಲು ಇಟ್ಟುಕೊಳ್ಳಬೇಕು. ಇದರಲ್ಲಿ ರೇಲ್ವೆಯವರ ಮಾತು ಕೇಳುವುದಿಲ್ಲ, ಅವರಿಗೆ ಇದರಿಂದ ತೊಂದರೆಯೂ ಇಲ್ಲ.

ಸಜ್ಜು ಮಾಡುವ ರೀತಿ ಇಷ್ಟೆ. ಎರಡೂ ಯಂತ್ರಗಳ ಬ್ಯಾಟರಿಯನ್ನು ರಾತ್ರಿ ಪೂರ್ಣ ತುಂಬಿಸಿರಿ. ಎರಡರಲ್ಲಿಯೂ ಒಂದೇ ಚಾನೆಲ್ ನಂಬರು ಇಡಿರಿ. ಗುಂಡಿ ಒತ್ತಿ ಒಂದು ಸೆಕೆಂಡು ತಡೆದು ಮಾತಾಡಿರಿ, ಇಲ್ಲದಿದ್ದರೆ ಮೊದಲಿನ ಶಬ್ದ ನುಂಗಿಹೋಗುತ್ತದೆ. ಮಾತು ಮುಗಿದೊಡನೆ “ಓವರ್” ಎಂದು ಹೇಳಿ ಗುಂಡಿ ಬಿಡಿರಿ. ಒತ್ತಿ ಹಿಡಿದವನಿಗೆ ಎದುರಿನ ಮಾತು ಕೇಳುವುದಿಲ್ಲ. ಏರಿಯಲ್ ನೆಟ್ಟಗೆ ಇರಲಿ. ಅದನ್ನು ಕಿತ್ತು ದೊಡ್ಡದನ್ನು ಹಾಕಬೇಡಿರಿ, ಅದು ನಿಯಮಕ್ಕೆ ವಿರುದ್ಧ. ಬಯಲಿನಲ್ಲಿ ಒಂದೆರಡು ಕಿಲೋಮೀಟರು ಕೇಳಬಹುದು. ಎದ್ದುನಿಂತ ಕಬ್ಬಿನ ನಡುವೆ ಅದಕ್ಕಿಂತ ಕಡಿಮೆ. ದಿಬ್ಬದ ಮೇಲೆ ನಿಂತರೆ ಹೆಚ್ಚು. ಹೊಲದಲ್ಲಿ ಮೊಬೈಲು ಸರಿಯಾಗಿ ಹತ್ತುವವರು ಇದಕ್ಕಾಗಿ ಹಣ ಹಾಕಬೇಕಾಗಿಲ್ಲ.

ಕಲಿಯುವ ಆಸೆ ಇದ್ದವರಿಗೆ

ಡಬ್ಬಿ ತಂದ ಹುಡುಗನನ್ನು ನಾನು ಗದರಿಸಲಿಲ್ಲ. ಕಾಣದ ಅಲೆಯಲ್ಲಿ ಮಾತು ಹೇಗೆ ಬರುತ್ತದೆಂದು ತಿಳಿಯುವ ಕುತೂಹಲ ಒಳ್ಳೆಯದೇ. ಅದಕ್ಕೆ ಮುಂಬಾಗಿಲೊಂದು ಇದೆ. ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ. ಹನ್ನೆರಡು ವರ್ಷ ತುಂಬಿದವರು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆಗೆ ಕೂಡಬಹುದು. ರೇಡಿಯೋದ ಮೂಲ ವಿದ್ಯೆ ಮತ್ತು ನಿಯಮಗಳು ಪರೀಕ್ಷೆಯ ವಿಷಯ. ತೇರ್ಗಡೆಯಾಗಿ ಪರವಾನಿಗೆ ಪಡೆದವರಿಗೆ ವಿ.ಯು. ಎಂದು ಆರಂಭವಾಗುವ ಕರೆಹೆಸರು ದೊರೆಯುತ್ತದೆ. ಅವರು ತಮಗೆ ಬಿಟ್ಟುಕೊಟ್ಟ ಪಟ್ಟಿಗಳಲ್ಲಿ ದೇಶವಿದೇಶಗಳ ಹವ್ಯಾಸಿಗಳೊಡನೆ ಮಾತಾಡಬಹುದು. ನೆರೆ, ಬಿರುಗಾಳಿಯಂಥ ವಿಪತ್ತಿನಲ್ಲಿ ಫೋನು ನಿಂತುಹೋದಾಗ ಇಂಥವರು ಸುದ್ದಿ ಮುಟ್ಟಿಸಿದ್ದುಂಟು. ಘಟಪ್ರಭೆಯ ನೆರೆ ಕಂಡ ನಮ್ಮ ಸೀಮೆಗೆ ಅಂಥ ಒಬ್ಬಿಬ್ಬರು ಹುಡುಗರು ಬೇಕಾಗಿದ್ದಾರೆ. ಆದರೆ ಆ ಪರವಾನಿಗೆ ಇದ್ದವರೂ ರೇಲ್ವೆಯ ಪಟ್ಟಿಗೆ ಹೋಗುವಂತಿಲ್ಲ.

ನೆನಪಿನಲ್ಲಿಡಬೇಕಾದ ಮಾತುಗಳು

1. ಕೈರೇಡಿಯೋದ ಮೌನವೆಂದರೆ ಹಳಿ ಖಾಲಿ ಇದೆಯೆಂದಲ್ಲ.
2. ಚಕ್ಕಡಿಗೆ ಇಪ್ಪತ್ತು ಸೆಕೆಂಡು ಬೇಕು. ಅಷ್ಟರಲ್ಲಿ ಗಾಡಿ ಅರ್ಧ ಕಿಲೋಮೀಟರು ಬಂದಿರುತ್ತದೆ.
3. ಗೇಟು, ಕೆಳಸೇತುವೆ, ಮೇಲ್ಸೇತುವೆ ಬಿಟ್ಟು ಬೇರೆ ದಾರಿಯಿಲ್ಲ.
4. ದಾರಿಯ ತೊಂದರೆಗೆ ಪಂಚಾಯತಿಯ ಮೂಲಕ ಕೂಡಿ ಅರ್ಜಿ ಕೊಡಬೇಕು.
5. ಅಪಾಯ ಕಂಡರೆ 139. ಗಾಡಿ ನಿಲ್ಲಿಸಲು ತಲೆಯ ಮೇಲೆ ಎತ್ತಿದ ಎರಡು ಕೈ.

ಕೂಟದಲ್ಲಿ ಚರ್ಚಿಸಲು ಪ್ರಶ್ನೆಗಳು

ನಮ್ಮ ಊರಿನಲ್ಲಿ ಯಾರ ಯಾರ ಹೊಲ ಹಳಿಯ ಎರಡೂ ಬದಿಗೆ ಇದೆ? ಅವರು ಈಗ ಯಾವ ದಾರಿಯಿಂದ ಹೋಗುತ್ತಾರೆ? ಹಳಿಯ ಹತ್ತಿರ ದನ ಮೇಯಿಸುವ ಹುಡುಗರಿಗೆ “ನಿಲ್ಲು” ಎಂಬ ಗುರುತು ಗೊತ್ತಿದೆಯೇ? ನಿಮ್ಮ ಹೇರಿದ ಚಕ್ಕಡಿ ಹದಿನೈದು ಮೀಟರು ದಾಟಲು ಎಷ್ಟು ಸೆಕೆಂಡು ಹಿಡಿಯುತ್ತದೆ? ಕಡೆಯದನ್ನು ನಿಮ್ಮ ನಿಮ್ಮ ಕಣದಲ್ಲಿ ಅಳೆದು ನೋಡಿ, ಮುಂದಿನ ಸಭೆಯಲ್ಲಿ ಹೇಳಿರಿ.